ಕತ್ತಿಯ ತುದಿ ಮತ್ತು ಮೂರು ಬಿಳಿ ದಾಳಗಳು: ವಾರ್‌ಹ್ಯಾಮರ್ ಮೇಜಿನ ಒಂದು ಪ್ರಕರಣ

ಮೇಜಿನ ಮೇಲೆ ಮೂರು ಬಿಳಿ ದಾಳಗಳು ಬಿದ್ದಿದ್ದವು. ಒಂದರಲ್ಲಿ 1, ಇನ್ನೊಂದರಲ್ಲಿ 4, ಮತ್ತೊಂದರಲ್ಲಿ 5. ನೀಲಿ ಸೇನೆಯ ಹುಡುಗ 1 ಬಿದ್ದ ದಾಳವನ್ನು ಪಕ್ಕಕ್ಕೆ ಸರಿಸಿ ಉಳಿದೆರಡನ್ನು ಮತ್ತೆ ಉರುಳಿಸಿದ. ಎರಡೂ ಗೆದ್ದವು. "ಅಣ್ಣಾ, ಎರಡೂ ಕ್ಯಾಪ್ಟನ್‌ಗೇ" ಎಂದ. ಕೆಂಪು ಸೇನೆಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾವ ಲೆಕ್ಕದಲ್ಲಪ್ಪಾ ಕ್ಯಾಪ್ಟನ್‌ಗೆ? ಅವನು ತುಕಡಿ ಜೊತೆಗಿದ್ದಾನೆ. ಅದೂ ಅಲ್ಲದೆ ನಿನ್ನ ಮೂವರಲ್ಲಿ ಇಬ್ಬರಿಗೆ ಅವನು ಕಾಣೋದೇ ಇಲ್ಲ." ಇಬ್ಬರೂ ಅಂಕ ಬರೆದುಕೊಳ್ಳುತ್ತ ಕೂತಿದ್ದ ನನ್ನ ಕಡೆ ತಿರುಗಿದರು. ಆ ಸರದಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಹಿಡಿಯಲು ಕಾರಣ ನಿಯಮ ಕಠಿಣವಾಗಿದ್ದುದಲ್ಲ. "ಕಾಣುವುದು" ಎಂಬ ಒಂದೇ ಮಾತನ್ನು ನಿಯಮಪುಸ್ತಕ ಬೇರೆ ಬೇರೆ ಘಳಿಗೆಗಳಲ್ಲಿ, ಬೇರೆ ಬೇರೆ ಜೋಡಿಗಳ ಬಗ್ಗೆ ಕೇಳುತ್ತದೆ ಎಂಬುದನ್ನು ನಾವು ಮೂವರೂ ಸರಿಯಾಗಿ ಬಿಡಿಸಿಕೊಂಡಿರಲಿಲ್ಲ.

ಆಟ ವಾರ್‌ಹ್ಯಾಮರ್ 40,000. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ ಮೊದಲು ಹೊರತಂದ ಈ ಆಟದಲ್ಲಿ, ಆಟಗಾರರು ತಾವೇ ಅಂಟಿಸಿ ಬಣ್ಣ ಬಳಿದ ಸಣ್ಣ ಗೊಂಬೆಗಳ ಸೇನೆಯನ್ನು ಮೇಜಿನ ಮೇಲೆ ಅಂಗುಲ ಪಟ್ಟಿಯಿಂದ ಅಳೆದು ನಡೆಸಿ, ಆರು ಮುಖದ ದಾಳ ಉರುಳಿಸಿ ಕಾದಾಡುತ್ತಾರೆ. ನಾವು ಆಡುತ್ತಿದ್ದುದು 2023ರಲ್ಲಿ ಬಂದ ಹತ್ತನೇ ಆವೃತ್ತಿಯನ್ನು, ಅದರ ಮೂಲ ನಿಯಮಗಳ ಪ್ರಕಾರ. ಮುಂದೆ ಹೇಳುವುದೆಲ್ಲ ಆ ಆವೃತ್ತಿಗೆ ಸಂಬಂಧಿಸಿದ್ದು. ಬೇರೆ ಆವೃತ್ತಿಯಲ್ಲಿ ಇದೇ ಗೊಂಬೆಗಳು, ಇದೇ ಗೋಡೆ, ಇದೇ ದಾಳ ಇಟ್ಟುಕೊಂಡರೂ ತೀರ್ಪು ಬೇರೆಯೇ ಆಗುತ್ತದೆ. ಅಂದಿನ ಜಗಳದ ಅರ್ಧ ಬೇರು ಅಲ್ಲೇ ಇತ್ತು ಎಂಬುದು ಮುಂದೆ ತಿಳಿಯುತ್ತದೆ.

ಇಬ್ಬರದ್ದೂ ಸ್ಪೇಸ್ ಮರೀನ್, ಅಂದರೆ ಕವಚ ತೊಟ್ಟ ಬಾಹ್ಯಾಕಾಶ ಯೋಧರ ಸೇನೆಯೇ, ಬಣ್ಣ ಮಾತ್ರ ಬೇರೆ. ಕೆಂಪಿನ ಕಡೆ ಐವರು ಇಂಟರ್ಸೆಸರ್‌ಗಳ, ಅಂದರೆ ಸಾಮಾನ್ಯ ಕಾಲಾಳುಗಳ, ಒಂದು ತುಕಡಿ. ಅದಕ್ಕೆ ನಾಯಕನಾಗಿ ಸೇರಿಕೊಂಡ ಒಬ್ಬ ಕ್ಯಾಪ್ಟನ್. ಇಂಟರ್ಸೆಸರ್‌ಗೆ ತಲಾ 2 ಗಾಯ ತಾಳುವ ಶಕ್ತಿ, ಕ್ಯಾಪ್ಟನ್‌ಗೆ 5. ಎಲ್ಲರ ಕಸುವೂ, ಅಂದರೆ ಗುಂಡಿನ ಬಲಕ್ಕೆ ಎದುರು ನಿಲ್ಲುವ ಅಳತೆಯೂ, 4, ಎಲ್ಲರ ಕವಚದ ಸೇವ್ 3+, ಅಂದರೆ ದಾಳದಲ್ಲಿ 3 ಅಥವಾ ಹೆಚ್ಚು ಬಿದ್ದರೆ ಏಟು ತಪ್ಪುತ್ತದೆ. ಕ್ಯಾಪ್ಟನ್‌ಗೆ ಇದರ ಮೇಲೆ, ಯಾವ ಆಯುಧವೂ ಕಡಿಮೆ ಮಾಡಲಾಗದ 4+ ಸೇವ್ ಒಂದಿದೆ. ನೀಲಿಯ ಕಡೆ ಐವರು ಇಂಟರ್ಸೆಸರ್‌ಗಳು, ಒಬ್ಬೊಬ್ಬರ ಕೈಯಲ್ಲೂ ಬೋಲ್ಟ್ ರೈಫಲ್. ಹಿಂದೆ, ಎತ್ತರದ ದಿಬ್ಬದ ಸುತ್ತ ಚದುರಿ ನಿಂತ ಮೂವರು ಎಲಿಮಿನೇಟರ್‌ಗಳು, ಅಂದರೆ ಗುರಿಕಾರರು. ಗುರಿಕಾರರ ಬಂದೂಕಿನ ವ್ಯಾಪ್ತಿ 36 ಅಂಗುಲ, ಬಲ 5, ಕವಚ ಭೇದಿಸುವ ಮಟ್ಟ 2, ತಗುಲಿದರೆ 3 ಗಾಯ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ "ಪ್ರಿಸಿಷನ್" ಎಂಬ, ತುಕಡಿಯ ನಡುವಿನ ನಾಯಕನನ್ನೇ ಆರಿಸಿ ಹೊಡೆಯುವ, ಗುಣವಿದೆ.

ನಡುವೆ ಒಂದು ಪಾಳು ಕಟ್ಟಡ. ಹತ್ತನೇ ಆವೃತ್ತಿಯಲ್ಲಿ ಪಾಳು ಕಟ್ಟಡದ ನಿಯಮ ಕಣ್ಣಿಗೆ ಸ್ವಲ್ಪ ಮೋಸ ಮಾಡುವಂಥದ್ದು: ಗೋಡೆಯಲ್ಲಿ ಕಿಟಕಿಯಿರಲಿ, ಬಿರುಕಿರಲಿ, ಕಟ್ಟಡದ ಆಚೆ ನಿಂತವರನ್ನು ಈಚೆಯಿಂದ ಅದರ ಮೂಲಕವಾಗಲಿ ಅದರ ಮೇಲಿನಿಂದಾಗಲಿ ನೋಡುವಂತಿಲ್ಲ. ಕಟ್ಟಡದ ತಳದ ಗೆರೆಯನ್ನು ದಾಟಿ ಹೋಗುವ ನೋಟ ಅಲ್ಲಿಗೇ ನಿಲ್ಲುತ್ತದೆ. ವಿಮಾನ ಮತ್ತು ಭಾರೀ ಎತ್ತರದ ಯಂತ್ರಗಳಿಗೆ ಬೇರೆ ಲೆಕ್ಕವಿದೆ, ಅವು ಅಂದು ಮೇಜಿನ ಮೇಲಿರಲಿಲ್ಲ. ಕೆಂಪು ತುಕಡಿ ಈ ಕಟ್ಟಡದ ಒಳಗಿರದೆ ಅದರ ಬೆನ್ನಿಗೆ ನಿಂತಿತ್ತು. ಎಡದಿಂದ ಎಣಿಸಿದರೆ ಒಂದನೆಯವನು ಎಡ ಅಂಚಿನಿಂದ ಅರ್ಧ ಹೊರಗೆ. ಎರಡನೆಯವನು ಮತ್ತು ಮೂರನೆಯವನು ಪೂರ್ತಿ ಮರೆಯಲ್ಲಿ. ನಾಲ್ಕನೆಯವನು ಮತ್ತು ಐದನೆಯವನು ಬಲ ಅಂಚಿನ ಬಳಿ, ಅಲ್ಪಸ್ವಲ್ಪ ಹೊರಗೆ. ಕ್ಯಾಪ್ಟನ್ ನಾಲ್ಕನೆಯವನ ಬೆನ್ನಿಗೆ ಒತ್ತಿಕೊಂಡಂತೆ ನಿಂತು ಕತ್ತಿಯನ್ನು ಓರೆಯಾಗಿ ಮೇಲೆತ್ತಿದ್ದ.

ಮೊದಲು ಗುಂಡು ಹಾರಿಸಿದ್ದು ನೀಲಿ ಇಂಟರ್ಸೆಸರ್‌ಗಳು. ಹುಡುಗ ಹತ್ತು ದಾಳ ಎತ್ತಿಕೊಂಡ. ಐವರು, ತಲಾ ಎರಡು ಗುಂಡು. ಅಲ್ಲೇ ಮೊದಲ ತಡೆ ಬಿತ್ತು. ತುಕಡಿಯೊಂದನ್ನು ಗುರಿಯಾಗಿ ಆರಿಸುವಾಗ ಅದರಲ್ಲಿ ಒಂದು ಗೊಂಬೆಯಾದರೂ ಕಾಣಬೇಕು, ವ್ಯಾಪ್ತಿಯೊಳಗೆ ಇರಬೇಕು ಎಂಬುದು ನಿಯಮ. ಆದರೆ ಕಾಣಬೇಕಾದದ್ದು ಯಾರಿಗೆ? ತುಕಡಿಗಲ್ಲ, ಗುಂಡು ಹಾರಿಸುವ ಆಯಾ ಗೊಂಬೆಗೆ. ನೀಲಿ ಐವರಲ್ಲಿ ಬಲಬದಿಯ ಮೂವರಿಗೆ ಕೆಂಪಿನ ನಾಲ್ಕನೆಯವನೋ ಐದನೆಯವನೋ ಕಾಣುತ್ತಿದ್ದ. ಎಡಬದಿಯ ಇಬ್ಬರಿಗೆ ಪಾಳು ಕಟ್ಟಡದ ಹೊರತು ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ಹತ್ತು ದಾಳ ಆರಕ್ಕಿಳಿಯಿತು. ಹುಡುಗ ಗೊಣಗಿದರೂ ಒಪ್ಪಿದ. ಇಲ್ಲಿ ನಿಯಮಪುಸ್ತಕ ನಿಸ್ಸಂದಿಗ್ಧವಾಗಿದೆ. ಸಂಕ್ಷಿಪ್ತವಾಗಿ ಹೇಳುವುದಾದರೆ, ನೋಡುವವನು ಯಾವಾಗಲೂ ಒಂಟಿ ಗೊಂಬೆ, ನೋಡಿಸಿಕೊಳ್ಳುವುದು ಇಡೀ ತುಕಡಿ.

ಪ್ರತಿ ಗುಂಡಿಗೂ ಮೊದಲು ತಗುಲಿತೇ ಎಂದು ಒಂದು ದಾಳ, ತಗುಲಿದರೆ ಗಾಯ ಮಾಡಿತೇ ಎಂದು ಇನ್ನೊಂದು, ಕೊನೆಗೆ ಎದುರಾಳಿಯ ಸೇವ್. ಆರು ಗುಂಡಿನಲ್ಲಿ ನಾಲ್ಕು ತಗುಲಿದವು. ಈ ತುಕಡಿ ಆ ಸರದಿಯಲ್ಲಿ ನಡೆದು ಬಂದಿತ್ತು, ಹಾಗಾಗಿ ನಿಂತಲ್ಲೇ ನಿಂತು ಹೊಡೆದವರಿಗೆ ಸಿಗುವ ಒಂದು ಅಂಕದ ಅನುಕೂಲ ಅವರಿಗಿರಲಿಲ್ಲ. ಬಲ 4, ಎದುರು ಕಸುವು 4. ಸಮವಿದ್ದಾಗ 4+ ಬೇಕು. ನಾಲ್ಕರಲ್ಲಿ ಎರಡು ಗೆದ್ದವು. ಈಗ ಸೇವ್ ಮಾಡುವುದು ಕೆಂಪಿನವರ ಪಾಳಿ. ಕವಚದ 3+ ಅನ್ನು ಬೋಲ್ಟ್ ರೈಫಲ್ ಒಂದು ಮೆಟ್ಟಿಲು ಕೆಳಗಿಳಿಸಿ 4+ ಮಾಡುತ್ತದೆ, ಗೋಡೆಯ ಮರೆ ಅದನ್ನು ಮತ್ತೆ 3+ಕ್ಕೆ ಏರಿಸುತ್ತದೆ. ಈ ಮರೆಯ ಲಾಭ ಹೇಗೆ ದಕ್ಕಿತು ಎಂಬುದು ಸ್ವಾರಸ್ಯದ ಸಂಗತಿ. ಏಟು ಹಂಚಿಕೆಯಾದ ಗೊಂಬೆಯು, ಹೊಡೆಯುತ್ತಿರುವ ತುಕಡಿಯ ಪ್ರತಿಯೊಬ್ಬನಿಗೂ ಅಡಿಯಿಂದ ಮುಡಿಯವರೆಗೆ ಪೂರ್ತಿಯಾಗಿ ಕಾಣುತ್ತಿದ್ದರೆ ಮಾತ್ರ ಪಾಳು ಕಟ್ಟಡದ ಮರೆ ಸಿಗುವುದಿಲ್ಲ. ನೀಲಿಯ ಎಡಬದಿಯ ಇಬ್ಬರಿಗೆ ಕೆಂಪಿನವರು ಕಾಣುತ್ತಲೇ ಇರಲಿಲ್ಲ. ಗುಂಡು ಹಾರಿಸದ ಆ ಇಬ್ಬರ ಕುರುಡೇ ಕೆಂಪಿಗೆ ಗುರಾಣಿಯಾಯಿತು. ಗುರಿ ಆರಿಸುವಾಗ ಕೇಳುವ "ಕಾಣುತ್ತದೆಯೇ" ಮತ್ತು ಮರೆ ಲೆಕ್ಕ ಹಾಕುವಾಗ ಕೇಳುವ "ಕಾಣುತ್ತದೆಯೇ" ಎರಡೂ ಒಂದೇ ಪದವಾದರೂ, ಮೊದಲನೆಯದರಲ್ಲಿ ಒಬ್ಬನಿಗೆ ಒಂದು ಚೂರು ಕಂಡರೆ ಸಾಕು, ಎರಡನೆಯದರಲ್ಲಿ ಎಲ್ಲರಿಗೂ ಎಲ್ಲವೂ ಕಾಣಬೇಕು.

ಎರಡು ಸೇವ್‌ಗಳಲ್ಲಿ ಒಂದು ಗೆದ್ದಿತು, ಒಂದು ಸೋತಿತು. ಒಂದು ಗಾಯ. ಕೆಂಪಿನವರು ನಾಲ್ಕನೆಯ ಗೊಂಬೆಯ ಪಕ್ಕ ಒಂದು ಕೆಂಪು ಮಣಿ ಇಟ್ಟರು. ಆಗ ಯಾರೂ ಏನೂ ಅನ್ನಲಿಲ್ಲ. ಈ ಪ್ರಕರಣದ ಕೀಲು ಇರುವುದು ಆ ಮಣಿಯಲ್ಲೇ.

ಅವರು ನಾಲ್ಕನೆಯವನನ್ನೇ ಏಕೆ ಆರಿಸಿದರು ಎಂದು ಆಮೇಲೆ ಕೇಳಿದೆ. "ಅವನೇ ತಾನೆ ಹತ್ತಿರ ಇದ್ದವನು, ಅವನೇ ತಾನೆ ಕಾಣಿಸ್ತಾ ಇದ್ದವನು" ಎಂದರು. ಅವರು ಈ ಆಟ ಕಲಿತದ್ದು 2012ರ ಆರನೇ ಆವೃತ್ತಿಯಲ್ಲಿ. ನಡುವೆ ಮದುವೆ, ಮಕ್ಕಳು, ಮನೆ ಸಾಲ ಎಂದು ಗೊಂಬೆಗಳು ಅಟ್ಟ ಸೇರಿದ್ದವು. ಆರನೇ ಆವೃತ್ತಿಯಲ್ಲಿ ಗಾಯಗಳು ಹೊಡೆಯುವವರಿಗೆ ಅತಿ ಹತ್ತಿರವಿದ್ದ ಗೊಂಬೆಯಿಂದ ಶುರುವಾಗುತ್ತಿದ್ದವು, ಹೊಡೆಯುವ ತುಕಡಿಯಲ್ಲಿ ಯಾರಿಗೂ ಕಾಣದ ಗೊಂಬೆಗೆ ಗಾಯ ಹಂಚುವಂತಿರಲಿಲ್ಲ. ಅಂದರೆ ನೋಟದ ಗೆರೆ ಗುರಿಯನ್ನಷ್ಟೇ ಅಲ್ಲ, ಸಾಯುವವನನ್ನೂ ತೀರ್ಮಾನಿಸುತ್ತಿತ್ತು. 2017ರ ಎಂಟನೇ ಆವೃತ್ತಿ ಈ ಎರಡರ ಗಂಟನ್ನು ಬಿಚ್ಚಿತು: ಏಟು ಯಾರಿಗೆ ಎಂಬುದನ್ನು ಏಟು ತಿನ್ನುವ ಸೇನೆಯ ಒಡೆಯನೇ ಆರಿಸುತ್ತಾನೆ, ಆ ಗೊಂಬೆ ಕಾಣಬೇಕೆಂದಿಲ್ಲ, ವ್ಯಾಪ್ತಿಯೊಳಗೂ ಇರಬೇಕೆಂದಿಲ್ಲ. ಹತ್ತನೇ ಆವೃತ್ತಿಯಲ್ಲೂ ಹಾಗೆಯೇ. ಒಂದೇ ನಿರ್ಬಂಧವೆಂದರೆ, ಆಗಲೇ ಗಾಯಗೊಂಡವನೊಬ್ಬ ಇದ್ದರೆ, ಅಥವಾ ಆ ಹಂತದಲ್ಲಿ ಯಾರ ಮೇಲಾದರೂ ಏಟು ಹಂಚಿಯಾಗಿದ್ದರೆ, ಮುಂದಿನ ಏಟು ಅವನಿಗೇ ಹೋಗಬೇಕು. ಐವರಿಗೆ ಒಂದೊಂದು ಗಾಯ ಹಂಚಿ ಎಲ್ಲರನ್ನೂ ಬದುಕಿಸಿಕೊಳ್ಳುವ ಜಾಣತನ ನಡೆಯುವುದಿಲ್ಲ.

ಹಾಗಾಗಿ ಕೆಂಪಿನವರು ಆ ಗಾಯವನ್ನು ಪೂರ್ತಿ ಮರೆಯಲ್ಲಿದ್ದ ಎರಡನೆಯವನಿಗೋ ಮೂರನೆಯವನಿಗೋ ಕೊಡಬಹುದಿತ್ತು. ಕೊಟ್ಟಿದ್ದರೆ ಮುಂದಿನ ಕಥೆಯೇ ಬೇರೆ. ಅವರು ಕೊಟ್ಟದ್ದು ಕ್ಯಾಪ್ಟನ್‌ನ ಮುಂದೆ ನಿಂತವನಿಗೆ, ಕಡ್ಡಾಯವಿಲ್ಲದ ಕಡೆ ಕಡ್ಡಾಯವಿದೆ ಎಂದುಕೊಂಡು.

ಇನ್ನು ಗುರಿಕಾರರು. ಮೂವರೂ ಕೆಂಪು ತುಕಡಿಯ ಮೇಲೆಯೇ ಗುರಿ ಹಿಡಿದರು. ದಾಳ ಉರುಳಿಸುವ ಮುನ್ನವೇ ಎಲ್ಲ ಗುರಿಗಳನ್ನೂ ಘೋಷಿಸಬೇಕು, ಘೋಷಿಸಿಯಾಗಿತ್ತು. ವ್ಯಾಪ್ತಿ ಮೂವರಿಗೂ ಸರಿಯಿತ್ತು. ಹತ್ತಿರದಲ್ಲಿ ಯಾರ ಸೈನಿಕರೂ ಕೈಕೈ ಮಿಲಾಯಿಸಿಕೊಂಡಿರಲಿಲ್ಲ, ಹಾಗಾಗಿ ಆ ತಡೆಗಳೂ ಇಲ್ಲ. ಉಳಿದದ್ದು ನೋಟ. ನಾನು ಮೊಣಕಾಲೂರಿ, ಕೆನ್ನೆ ಮೇಜಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಮೂವರ ಬಂದೂಕಿನ ಹಿಂದಿನಿಂದಲೂ ನೋಡಿದೆ. ಬಲತುದಿಯ ಗುರಿಕಾರನಿಂದ ನಾಲ್ಕನೆಯವನೂ ಐದನೆಯವನೂ ಕಂಡರು. ಅವರಿಬ್ಬರ ಹೆಗಲ ನಡುವಿನ ಸಂದಿನಲ್ಲಿ, ಕ್ಯಾಪ್ಟನ್ ಎತ್ತಿ ಹಿಡಿದ ಕತ್ತಿಯ ತುದಿ, ಅಕ್ಕಿ ಕಾಳಿನಷ್ಟು, ಬೆಳ್ಳಿ ಬಣ್ಣ ಮಿನುಗಿತು. ನಡುವಿನವನಿಂದ ನಾಲ್ಕನೆಯವನೊಬ್ಬನೇ ಕಂಡ. ಅವನ ಹಿಂದಿನ ಕ್ಯಾಪ್ಟನ್‌ನ ಒಂದು ಪಕ್ಕವನ್ನು ಕಟ್ಟಡವೂ ಇನ್ನೊಂದು ಪಕ್ಕವನ್ನು ನಾಲ್ಕನೆಯವನ ಮೈಯೂ ಮುಚ್ಚಿದ್ದವು. ಎಡಗಡೆಯವನಿಗೆ ಕಂಡದ್ದು ಅತ್ತ ಎಡ ಅಂಚಿನ ಒಂದನೆಯವನ ಅರ್ಧ ಮೈ ಮಾತ್ರ. ಸಂದೇಹಕ್ಕೆ ಎಡೆಯಿರದಂತೆ ಹೊಲಿಗೆ ದಾರ ಹಿಡಿದು ಎಳೆದೂ ನೋಡಿದೆವು. ದಾರದ ಒಂದು ತುದಿ ಬಂದೂಕಿನ ನಳಿಗೆಗೆ, ಇನ್ನೊಂದು ಕತ್ತಿಗೆ.

ಕೆಂಪಿನವರ ಮೊದಲ ಆಕ್ಷೇಪ, ಕ್ಯಾಪ್ಟನ್ ತುಕಡಿಯೊಂದಿಗೆ ಇರುವಾಗ ಅವನನ್ನು ಹೊಡೆಯುವಂತಿಲ್ಲ ಎಂಬುದು. ಸಾಮಾನ್ಯ ಗುಂಡುಗಳ ಮಟ್ಟಿಗೆ ಅದು ಸರಿ: ಅಂಗರಕ್ಷಕರಲ್ಲಿ, ಅಂದರೆ ಅವನು ಸೇರಿಕೊಂಡ ತುಕಡಿಯ ಸೈನಿಕರಲ್ಲಿ, ಒಬ್ಬ ಉಳಿದಿರುವವರೆಗೆ ನಾಯಕನಿಗೆ ಏಟು ಹಂಚುವಂತಿಲ್ಲ. ಎಂಟನೇ ಆವೃತ್ತಿಯಲ್ಲಿ ನಾಯಕರು ಒಂಟಿಯಾಗಿ ನಡೆದರೂ, ಹತ್ತಕ್ಕಿಂತ ಕಡಿಮೆ ಗಾಯಶಕ್ತಿಯವರಾಗಿದ್ದರೆ ಮತ್ತು ಹೊಡೆಯುವವನಿಗೆ ಅತಿ ಹತ್ತಿರದವರಾಗಿರದಿದ್ದರೆ, ಗುರಿಯಾಗುತ್ತಿರಲಿಲ್ಲ. ಹತ್ತನೇ ಆವೃತ್ತಿಯಲ್ಲಿ ಆ ರಕ್ಷಣೆ ಹೋಗಿ, ತುಕಡಿಗೆ ಸೇರಿಕೊಂಡವರಿಗೆ ಈ ಹೊಸ ರಕ್ಷಣೆ ಬಂದಿತು. ಆದರೆ ಪ್ರಿಸಿಷನ್ ಇರುವ ಆಯುಧ ಈ ರಕ್ಷಣೆಗೆ ಕನ್ನ ಹಾಕಲೆಂದೇ ಇರುವುದು. ಅಂಥ ಆಯುಧದ ಏಟು ಗಾಯ ಮಾಡುವ ಹಂತ ದಾಟಿದಾಗ, ಸೇರಿಕೊಂಡ ನಾಯಕ ಆ ಹೊಡೆದ ಗೊಂಬೆಗೆ ಕಾಣುತ್ತಿದ್ದರೆ, ಹಂಚಿಕೆಯ ಹಕ್ಕು ಏಟು ತಿಂದವನ ಕೈಯಿಂದ ಹೊಡೆದವನ ಕೈಗೆ ಬರುತ್ತದೆ. ಮೊದಲ ಆಕ್ಷೇಪ ಬಿತ್ತು.

ಎರಡನೆಯ ಆಕ್ಷೇಪ ನಿಂತಿತು. ಪ್ರಿಸಿಷನ್ ಕೇಳುವುದು ತುಕಡಿ ಕಾಣುತ್ತದೆಯೇ ಎಂದಲ್ಲ, ನಾಯಕ ಕಾಣುತ್ತಾನೆಯೇ ಎಂದು. ಅದೂ ಹೊಡೆದ ಆ ಒಬ್ಬ ಗೊಂಬೆಗೆ. ಆ ಕ್ಷಣದಲ್ಲಿ ಕ್ಯಾಪ್ಟನ್ ಕಂಡದ್ದು ಬಲತುದಿಯವನೊಬ್ಬನಿಗೆ. ಅಂದಮೇಲೆ ಗೆದ್ದ ಎರಡು ದಾಳಗಳಲ್ಲಿ ಬಲತುದಿಯವನದು ಯಾವುದು? 1 ಬಿದ್ದು ಪಕ್ಕಕ್ಕೆ ಹೋದ ದಾಳವೇ ಅವನದ್ದಾಗಿದ್ದರೆ? ಮೂರೂ ಬಿಳಿ ದಾಳಗಳು, ಮೂರೂ ಒಂದೇ ಮುಷ್ಟಿಯಿಂದ ಉರುಳಿದವು. ಗುರುತಿಲ್ಲ.

ನಿಯಮದ ಪ್ರಕಾರ ದಾಳಿಗಳು ಒಂದೊಂದಾಗಿಯೇ ನಡೆಯಬೇಕು. ಒಂದೇ ಆಯುಧ, ಒಂದೇ ಗುರಿ ಇದ್ದಾಗ ಕಾಲ ಉಳಿಸಲೆಂದು ದಾಳಗಳನ್ನು ಒಟ್ಟಿಗೆ ಉರುಳಿಸುವುದು ಒಂದು ರಿಯಾಯಿತಿ. ಮೂವತ್ತು ಗುಂಡು ಹಾರಿಸುವ ತುಕಡಿಗೆ ಅದಿಲ್ಲದೆ ಆಟವೇ ಸಾಗದು. ಆದರೆ ದಾಳಗಳೆಲ್ಲ ಸಮಾನ ಎಂಬ ನಂಬಿಕೆಯ ಮೇಲೆ ನಿಂತ ರಿಯಾಯಿತಿ ಅದು. ಒಬ್ಬನ ದಾಳಕ್ಕೆ ಕ್ಯಾಪ್ಟನ್‌ನನ್ನು ಕೊಲ್ಲುವ ಹಕ್ಕಿದ್ದು ಇನ್ನೊಬ್ಬನ ದಾಳಕ್ಕೆ ಇಲ್ಲದಿರುವಾಗ ಅವು ಸಮಾನವಲ್ಲ. ಮೂರು ಬಣ್ಣದ ದಾಳ ಇದ್ದಿದ್ದರೆ ಈ ಭಾಗದ ಜಗಳ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಕತ್ತಿಯ ಬಗ್ಗೆಯೂ ಒಂದು ಸಣ್ಣ ಕಲಹ ನಡೆಯಿತು. "ಕತ್ತಿ ಕಂಡ್ರೆ ಮನುಷ್ಯ ಕಂಡ ಹಾಗಾ?" ಎಂಬ ಕೆಂಪಿನವರ ಪ್ರಶ್ನೆ ಸಾಮಾನ್ಯ ತಿಳಿವಳಿಕೆಗೆ ಒಪ್ಪುವಂಥದ್ದೇ. ಆದರೆ ನೋಡುವ ಗೊಂಬೆಯ ಯಾವುದೇ ಭಾಗದಿಂದ ಎದುರಿನ ಗೊಂಬೆಯ ಯಾವುದೇ ಭಾಗ ಕಂಡರೂ ಅದು ಕಂಡಂತೆ ಎಂದು ಹತ್ತನೇ ಆವೃತ್ತಿಯ ಮೂಲ ನಿಯಮ ಹೇಳುತ್ತದೆ. ತಳದ ಬಿಲ್ಲೆಯೂ ಅದರಲ್ಲಿ ಸೇರಿತು, ಕತ್ತಿ ಬಾವುಟಗಳೂ ಸೇರಿದವು. ಗೊಂಬೆಯನ್ನು ಅಂಟಿಸುವಾಗ ವೀರಾವೇಶದ ಭಂಗಿ ಕೊಟ್ಟವನು ಮೇಜಿನ ಮೇಲೆ ಅದಕ್ಕೆ ಬೆಲೆ ತೆರುತ್ತಾನೆ, ಮಂಡಿಯೂರಿದ ಭಂಗಿ ಕೊಟ್ಟವನು ಲಾಭ ಮಾಡಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಇದು ನಿಯಮದ ದುರ್ಬಲ ಜಾಗ. ಆದರೂ ಬರೆದಿರುವುದು ಹಾಗಿರುವಾಗ, ಎದ್ದುನಿಂತ ಜಗಳದ ನಡುವೆ ಅದನ್ನು ತಿದ್ದುವುದು ಸಲ್ಲದು. ಆಟಕ್ಕೆ ಮುಂಚೆ ಇಬ್ಬರೂ ಒಪ್ಪಿ "ಮೈ ಕಾಣಬೇಕು, ಆಯುಧ ಲೆಕ್ಕಕ್ಕಿಲ್ಲ" ಎಂದುಕೊಂಡಿದ್ದರೆ ಬೇರೆ ಮಾತು. ಚೌಕಾಬಾರ ಆಡಲು ಬೇರೆ ಮನೆಗೆ ಹೋದವರು ಕವಡೆ ಮುಟ್ಟುವ ಮೊದಲು "ನಿಮ್ಮಲ್ಲಿ ಹೇಗೆ ಆಡ್ತೀರಿ" ಎಂದು ಕೇಳುವುದುಂಟಲ್ಲ, ಹಾಗೆ.

ನನ್ನ ತೀರ್ಪು ಹೀಗಿತ್ತು: ಗುರಿಕಾರರ ಮೂರೂ ದಾಳಗಳು ರದ್ದು, ಗುರಿ ಘೋಷಣೆ ಹಾಗೆಯೇ ಉಳಿಯುತ್ತದೆ, ಮೂವರೂ ಒಬ್ಬೊಬ್ಬರಾಗಿ ಮತ್ತೆ ಹೊಡೆಯಬೇಕು. ಹುಡುಗನಿಗೆ ಇದು ಕಹಿಯಾಯಿತು, ಎರಡು ಗೆದ್ದ ದಾಳ ಕೈಬಿಟ್ಟು ಹೋಯಿತು. ಕೂಡಲೇ ಕೆಂಪಿನವರು, "ಹಾಗಾದ್ರೆ ನನ್ನ ಮಣಿನೂ ವಾಪಸ್ ತಗೋತೀನಿ. ಯಾರಿಗೆ ಬೇಕಾದ್ರೂ ಕೊಡಬಹುದಿತ್ತು ಅಂತ ನನಗೆ ಗೊತ್ತಿರ್ಲಿಲ್ಲ" ಎಂದರು. ನಾನು ಒಪ್ಪಲಿಲ್ಲ. ಈ ಎರಡು ನಿರ್ಧಾರಗಳ ನಡುವಿನ ಅಸಮತೋಲ ನನ್ನನ್ನು ಈಗಲೂ ಸ್ವಲ್ಪ ಕಾಡುತ್ತದೆ. ಒಬ್ಬರ ತಪ್ಪು ಅಳಿಸಿಹೋಯಿತು, ಇನ್ನೊಬ್ಬರದು ಉಳಿಯಿತು. ಆದರೂ ವ್ಯತ್ಯಾಸವಿದೆ ಎಂದೇ ನನ್ನ ವಾದ. ಹುಡುಗ ಉರುಳಿಸಿದ ದಾಳಗಳಿಂದ ಯಾವ ಫಲಿತಾಂಶವನ್ನೂ ಓದಲು ಸಾಧ್ಯವಿರಲಿಲ್ಲ, ಏಕೆಂದರೆ ಬೇಕಾದ ಮಾಹಿತಿಯೇ ಅಲ್ಲಿರಲಿಲ್ಲ. ಕೆಂಪಿನವರ ಮಣಿ ನಿಯಮಬದ್ಧವಾದ ಆಯ್ಕೆ. ತಿಳಿಯದೆ ಮಾಡಿದ್ದು ಎಂಬುದಷ್ಟೇ ಅದರ ಕೊರತೆ. ತಿಳಿಯದೆ ಮಾಡಿದ ಸರಿಯಾದ ನಡೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತ ಹೋದರೆ, ಗುರಿಕಾರರ ಗುಂಡು ಹಾರುವುದನ್ನು ನೋಡಿದ ಮೇಲೆ ಮಣಿ ಸರಿಸಿದಂತಾಗುತ್ತದೆ. ಎದುರಾಳಿ ತಾನಾಗಿ "ಪರವಾಗಿಲ್ಲ, ತಗೊಳ್ಳಿ" ಎಂದಿದ್ದರೆ ಅದು ಅವನ ದೊಡ್ಡತನ. ಅವನು ಅನ್ನಲಿಲ್ಲ, ಅನ್ನಬೇಕೆಂದು ಕೇಳುವ ಹಕ್ಕು ನನಗಿರಲಿಲ್ಲ.

ಆಗ ಹುಡುಗ ಒಂದು ಪ್ರಶ್ನೆ ಕೇಳಿದ: "ಮೂವರಲ್ಲಿ ಯಾರು ಮೊದಲು ಹೊಡೀಬೇಕು ಅಂತ ನಾನೇ ಹೇಳಬಹುದಾ ಅಣ್ಣಾ?" ಹೌದು ಎಂದೆ. ಒಂದೇ ಆಯುಧ, ಒಂದೇ ಗುರಿ. ಕ್ರಮ ಹೊಡೆಯುವವನ ಇಷ್ಟ. ಅವನು ಎಡಗಡೆಯವನ ಮೇಲೆ ಬೆರಳಿಟ್ಟ, ಕ್ಯಾಪ್ಟನ್‌ನನ್ನು ಯಾವ ಕಾಲಕ್ಕೂ ನೋಡಲಾರದವನ ಮೇಲೆ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಆಗ ಹೊಳೆಯಿತು. ಕೆಂಪಿನವರಿಗೆ ಹೊಳೆಯುವಷ್ಟರಲ್ಲಿ ದಾಳ ಉರುಳಿತ್ತು.

ಗುರಿಕಾರರು ಆ ಸರದಿ ಕದಲಿರಲಿಲ್ಲ, ಅವರ ಬಂದೂಕಿಗೆ "ಹೆವಿ" ಗುಣವಿರುವುದರಿಂದ 3+ ಬದಲು 2+ ಬಿದ್ದರೆ ಸಾಕು. 4 ಬಿತ್ತು. ಬಲ 5 ಎದುರು ಕಸುವು 4 ಎಂದರೆ 3+ ಬೇಕು, 5 ಬಿತ್ತು. ಎಡಗಡೆಯವನಿಗೆ ಕ್ಯಾಪ್ಟನ್ ಕಾಣದಿರುವುದರಿಂದ ಪ್ರಿಸಿಷನ್ ಪ್ರಶ್ನೆಯೇ ಏಳದು. ಹಂಚಿಕೆ ಮಾಮೂಲಿನಂತೆ ಕೆಂಪಿನವರದ್ದು. ಆದರೆ ಅವರಿಗೆ ಆಯ್ಕೆಯಿರಲಿಲ್ಲ. ಗಾಯಗೊಂಡವನೊಬ್ಬ ಇದ್ದಾನೆ, ಮಣಿ ಪಕ್ಕದಲ್ಲಿದೆ, ಏಟು ನಾಲ್ಕನೆಯವನಿಗೇ ಹೋಗಬೇಕು. ಹೊಡೆದವನಿಗೆ ಕಂಡದ್ದು ಎಡ ಅಂಚಿನ ಒಂದನೆಯವನು, ಏಟು ಬಿದ್ದದ್ದು ಬಲ ಅಂಚಿನ ನಾಲ್ಕನೆಯವನಿಗೆ, ನಡುವೆ ಇಡೀ ಕಟ್ಟಡ. "ಗುಂಡು ಮೂಲೆ ತಿರುಗಿ ಹೋಯ್ತಾ?" ಎಂದು ಕೆಂಪಿನವರು ನಕ್ಕರು, ಸಿಟ್ಟಿನ ನಡುವೆಯೂ. ಚಿತ್ರವಾಗಿ ಕಲ್ಪಿಸಿಕೊಂಡರೆ ಅಸಂಬದ್ಧವೇ ಹೌದು. ಗೊಂಬೆಗಳು ನಿಂತಲ್ಲಿ ನಿಂತಿದ್ದರೂ ಅವು ಸೂಚಿಸುವ ಸೈನಿಕರು ಓಡಾಡುತ್ತ, ಇಣುಕುತ್ತ, ಜಾಗ ಬದಲಿಸುತ್ತ ಇರುತ್ತಾರೆ ಎಂದು ಭಾವಿಸಿದರೆ ಸ್ವಲ್ಪ ಒಗ್ಗುತ್ತದೆ. ನಿಯಮಕ್ಕಂತೂ ಈ ಕಲ್ಪನೆಯ ಹಂಗಿಲ್ಲ. ತುಕಡಿ ಗುರಿಯಾಗಿದೆ, ತುಕಡಿ ಏಟು ತಿನ್ನುತ್ತದೆ.

ಸೇವ್: 3+ ಕವಚವನ್ನು ಬಂದೂಕು 5+ಕ್ಕೆ ಇಳಿಸಿತು, ಮರೆ 4+ಕ್ಕೆ ಏರಿಸಿತು. 2 ಬಿತ್ತು. ಮೂರು ಗಾಯದ ಏಟು, ಉಳಿದಿದ್ದದ್ದು ಒಂದೇ. ಮಿಕ್ಕ ಎರಡು ಯಾರಿಗೂ ಹರಿಯದೆ ವ್ಯರ್ಥ. ನಾಲ್ಕನೆಯ ಗೊಂಬೆ ಮೇಜಿನಿಂದ ಎದ್ದಿತು.

ಅದರೊಂದಿಗೆ ಒಂದು ಕಿಂಡಿ ತೆರೆಯಿತು. ನಡುವಿನ ಗುರಿಕಾರನ ಹಿಂದೆ ಮತ್ತೆ ಬಗ್ಗಿ ನೋಡಿದೆ: ನಾಲ್ಕನೆಯವನ ಬೆನ್ನು ಇದ್ದ ಜಾಗದಲ್ಲಿ ಈಗ ಕ್ಯಾಪ್ಟನ್‌ನ ಭುಜದ ಕವಚ ನಿಚ್ಚಳವಾಗಿ ಕಾಣುತ್ತಿತ್ತು. ಇಲ್ಲಿ ಪ್ರಕರಣದ ಅತ್ಯಂತ ಸೂಕ್ಷ್ಮ ಪ್ರಶ್ನೆ ಎದುರಾಯಿತು. ಗುರಿ ಘೋಷಿಸಿದಾಗ ಈತನಿಗೆ ಕ್ಯಾಪ್ಟನ್ ಕಾಣುತ್ತಿರಲಿಲ್ಲ, ಈಗ ಕಾಣುತ್ತಿದ್ದಾನೆ. ಯಾವ ಘಳಿಗೆಯ ನೋಟ ಲೆಕ್ಕಕ್ಕೆ? ಕೆಂಪಿನವರ ವಾದ ತೂಕದ್ದಾಗಿತ್ತು: ಗುರಿ ಆರಿಸಿದ ಹೊತ್ತಿನಲ್ಲಿ ಕಂಡಿದ್ದರೆ ಸಾಕು, ಆಮೇಲೆ ಕಂಡವರೆಲ್ಲ ಸತ್ತು ಯಾರೂ ಕಾಣದಿದ್ದರೂ ಉಳಿದ ಗುಂಡುಗಳು ನಡೆಯುತ್ತವೆ ಎಂದು ನಿಯಮವೇ ಹೇಳುತ್ತದೆ, ಅಂದರೆ ನೋಟ ಘೋಷಣೆಯ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ, ಹೊಡೆಯುವವನಿಗೆ ಅನುಕೂಲವಾದಾಗ ಹೆಪ್ಪುಗಟ್ಟಿ, ಇನ್ನೊಮ್ಮೆ ಅನುಕೂಲವಾದಾಗ ಕರಗುವುದು ಯಾವ ನ್ಯಾಯ?

ನಾನು ಬಹಳ ಹೊತ್ತು ಯೋಚಿಸಿದ್ದು ಇದೊಂದನ್ನೇ. ಕೊನೆಗೆ ಪಠ್ಯದ ಕಡೆ ವಾಲಿದೆ. ಹೆಪ್ಪುಗಟ್ಟುವ ಮಾತು ಬರುವುದು ಗುರಿ ಆಯ್ಕೆಯ ನಿಯಮದಲ್ಲಿ, ಅದು ಹೇಳುವುದು ಆ ತುಕಡಿಯ ಮೇಲಿನ ದಾಳಿ ಕಾನೂನುಬದ್ಧವಾಗಿ ಉಳಿಯುತ್ತದೆಯೇ ಎಂಬುದನ್ನಷ್ಟೇ. ಪ್ರಿಸಿಷನ್ ಬೇರೆ ನಿಯಮ. ಅದು ಕೆಲಸ ಮಾಡುವುದು ಏಟನ್ನು ಹಂಚುವ ಘಳಿಗೆಯಲ್ಲಿ, ಒಂದೊಂದು ಏಟಿಗೂ ಪ್ರತ್ಯೇಕವಾಗಿ. ದಾಳಿಗಳು ಒಂದೊಂದಾಗಿ ನಡೆಯುತ್ತವೆ, ಸತ್ತ ಗೊಂಬೆ ಆಗಿಂದಾಗಲೇ ಮೇಜಿನಿಂದ ಹೋಗುತ್ತದೆ. ಹಾಗಿರುವಾಗ ಎರಡನೆಯ ಏಟಿನ ಹೊತ್ತಿಗೆ ಮೇಜು ಹೇಗಿದೆಯೋ ಹಾಗೆ ನೋಡಬೇಕೇ ಹೊರತು ಐದು ನಿಮಿಷದ ಹಿಂದೆ ಹೇಗಿತ್ತೋ ಹಾಗಲ್ಲ. ಇದು ನನ್ನ ಓದು. ಸ್ಪರ್ಧೆಯ ಮೇಜಿನಲ್ಲಿ ತೀರ್ಪುಗಾರರು ಬೇರೆ ಹೇಳಿದರೆ ಅವರ ಮಾತೇ ನಡೆಯುತ್ತದೆ, ಆಡುವ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಇದಕ್ಕೆ ಉಲ್ಟಾ ಓದಿದರೂ ಕೆಂಪಿನವರಿಗೆ ಪೂರ್ತಿ ಲಾಭವಾಗುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು: ಬಲತುದಿಯವನಿಗೆ ಕತ್ತಿಯ ತುದಿಯ ನೋಟ ಘೋಷಣೆಯ ಹೊತ್ತಿನಲ್ಲೂ ಇತ್ತು, ಏಟಿನ ಹೊತ್ತಿನಲ್ಲೂ ಇತ್ತು.

ನಡುವಿನವನ ದಾಳ 3, ತಗುಲಿತು. ಮುಂದಿನದು 4, ಗಾಯದ ಹಂತವೂ ದಾಟಿತು. ಹುಡುಗ ಪ್ರಿಸಿಷನ್ ಬಳಸಿ ಕ್ಯಾಪ್ಟನ್‌ಗೆ ಕೊಟ್ಟ. ಕ್ಯಾಪ್ಟನ್‌ನ ಕವಚ ಬಂದೂಕಿನಿಂದ 5+, ಮರೆಯಿಂದ 4+. ಅವನ ಇನ್ನೊಂದು ಸೇವ್ ಕೂಡ 4+. ಮರೆ ಆ ಎರಡನೆಯದನ್ನು ಏರಿಸುವುದಿಲ್ಲ, ಕವಚವನ್ನು ಮಾತ್ರ ಏರಿಸುತ್ತದೆ. ಹಾಗಾಗಿ ಎರಡೂ ಸಮ, ಯಾವುದನ್ನು ಬಳಸಿದರೂ ಒಂದೇ. ಕೆಂಪಿನವರು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿ ಬಿಟ್ಟರು. 5. ಉಳಿದ.

ಬಲತುದಿಯವನದು 6, ಆಮೇಲೆ 3. ಕ್ಯಾಪ್ಟನ್‌ಗೇ. ಸೇವ್‌ಗೆ 1 ಬಿತ್ತು. ದಾಳ ಮತ್ತೆ ಉರುಳಿಸಿಕೊಳ್ಳಲು, ಇಂಥ ಅನುಕೂಲಗಳಿಗೆಂದೇ ಖರ್ಚು ಮಾಡುವ ಒಂದು ಕಮಾಂಡ್ ಪಾಯಿಂಟ್ ಬೇಕು. ಕೆಂಪಿನವರು ಕೊನೆಯದನ್ನು ಆಗಲೇ ಖರ್ಚು ಮಾಡಿದ್ದರು. ಐದರಲ್ಲಿ ಮೂರು ಹೋಗಿ ಎರಡು ಉಳಿಯಿತು. ಕ್ಯಾಪ್ಟನ್ ಬದುಕಿದ, ಪಕ್ಕದಲ್ಲಿ ಮೂರು ಕೆಂಪು ಮಣಿ ಇಟ್ಟುಕೊಂಡು.

ನೀಲಿಯ ಒಂದು ತುಕಡಿ ಇನ್ನೂ ಹೊಡೆಯುವುದು ಬಾಕಿಯಿತ್ತು, ಅದರ ಆಯುಧಗಳಿಗೆ ಪ್ರಿಸಿಷನ್ ಇರಲಿಲ್ಲ. ಅದು ಕೆಂಪು ತುಕಡಿಯ ಮೇಲೆ ಗುರಿ ಹಿಡಿದಾಗ ಕೆಂಪಿನವರು ತಾವಾಗಿಯೇ ಕ್ಯಾಪ್ಟನ್‌ನನ್ನು ಎತ್ತಿ ಬದಿಗಿಡಲು ಕೈ ಚಾಚಿದರು. "ಗಾಯ ಆದವನಿಗೇ ಮುಂದಿನ ಏಟು ಅಂತ ಈಗ ತಾನೆ ಕಲಿತೆನಲ್ಲ" ಎಂದರು. ಅಲ್ಲ ಎಂದೆ, ಅಂಗರಕ್ಷಕರು ನಾಲ್ವರು ಇದ್ದಾರೆ, ನಾಯಕ ಗಾಯಗೊಂಡಿದ್ದರೂ, ಈ ಹಂತದಲ್ಲಿ ಏಟು ತಿಂದಿದ್ದರೂ, ಮಾಮೂಲಿ ಗುಂಡು ಅವನ ಬಳಿ ಹೋಗದು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ನಾಲ್ವರನ್ನೂ ಒಮ್ಮೆ ನೋಡಿ, ಪೂರ್ತಿ ಮರೆಯಲ್ಲಿದ್ದ ಮೂರನೆಯವನ ಪಕ್ಕ ಮಣಿ ಇಟ್ಟರು.